ಹಳೆ ಮನೆಯ ಪಕ್ಕಾಸಿನಿಂದ ಅಂಗಳಕ್ಕೊಂದು ಬೆಂಚು

ನಮ್ಮ ಕಡೆ ಅಂಗಳದಲ್ಲಿಟ್ಟ ಬೆಂಚು ಹಾಳಾಗುವುದು ಜನ ಕೂತು ಅಲ್ಲ, ನೀರು ಕೂತು. ಕಾಸರಗೋಡಲ್ಲಿ ವರ್ಷಕ್ಕೆ 3,000 ಮಿಲಿಮೀಟರಿಗಿಂತ ಜಾಸ್ತಿ ಮಳೆ ಬೀಳುತ್ತದೆ. ಅದರಲ್ಲಿ ಹೆಚ್ಚಿನ ಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೆ. ಪೇಟೆಯಿಂದ ಚೆಂದದ ಗಾರ್ಡನ್ ಸೆಟ್ಟು ತಂದವರ ಮನೆಯಲ್ಲಿ ಎರಡು ಆಟಿ (ಜೋರು ಮಳೆಯ ತುಳು ತಿಂಗಳು) ಕಳೆಯುವಷ್ಟರಲ್ಲಿ ಕಾಲು ಮೆತ್ತಗಾಗಿ, ಬಣ್ಣ ಸಿಪ್ಪೆಯ ಹಾಗೆ ಎದ್ದು ಬಂದದ್ದನ್ನು ನಾನು ಬೇಕಾದಷ್ಟು ಸಲ ನೋಡಿದ್ದೇನೆ. ಅದೇ ಊರಲ್ಲಿ, ಅದೇ ಹೊತ್ತಿಗೆ, ಅರವತ್ತು ವರ್ಷ ಹಂಚಿನ ಮಾಡು (ಛಾವಣಿ) ಹೊತ್ತು ಏನೂ ಆಗದೆ ಉಳಿದ ಪಕ್ಕಾಸುಗಳು, ಅಂದರೆ ಮಾಡಿನ ಇಳಿಜಾರಿಗೆ ಹಾಕಿದ ಉದ್ದದ ಮರಗಳು, ಕಟ್ಟಿಗೆ ರಾಶಿಗೆ ಹೋಗುತ್ತಿರುತ್ತವೆ. ಇದನ್ನು ನೋಡಿದರೆ ಹೊಟ್ಟೆ ಉರಿಯುತ್ತದೆ.

ನಾನು ಬದಿಯಡ್ಕದ ಹತ್ತಿರದವನು. ಆಚಾರಿ (ಬಡಗಿ) ಕೆಲಸ ಕಲಿತವನಲ್ಲ, ತೋಟದ ಕೆಲಸದ ನಡುವೆ ಮಾಡಿ ಮಾಡಿ ಕಲಿತದ್ದು. ಈಗ ನಮ್ಮ ಅಂಗಳದಲ್ಲಿ ಎರಡು ಬೆಂಚು, ಒಂದು ಕಲ್ಲಿನ ಮೇಜು, ಹಲಸಿನ ಮರದಡಿ ಅಡಿಕೆ ಮರ ಸೀಳಿದ ಸಲಾಕೆಯ ಒಂದು ಮಂಚ ಇದೆ. ಎಲ್ಲವೂ ಬೇರೆಯವರು ಬೇಡ ಅಂತ ಬಿಟ್ಟ ಸಾಮಾನು. ಕೈಯಿಂದ ಖರ್ಚಾದದ್ದು ಹೆಚ್ಚಾಗಿ ಸ್ಕ್ರೂ, ಎಣ್ಣೆ, ಸ್ವಲ್ಪ ಸಿಮೆಂಟಿಗೆ.

ಎರಡು ವಿಷಯ ಮಾತ್ರ ನೆನಪಿಟ್ಟುಕೊಂಡರೆ ಉಳಿದದ್ದೆಲ್ಲ ಸುಲಭ. ಮರ ಮಣ್ಣಿಗೆ ತಾಗಬಾರದು. ಮರದ ಮೇಲೆ ನೀರು ನಿಲ್ಲಬಾರದು. ಕೆಳಗೆ ಬರೆದದ್ದರಲ್ಲಿ ಮುಕ್ಕಾಲು ಭಾಗ ಈ ಎರಡಕ್ಕಾಗಿಯೇ.

ಇದನ್ನು ನಾನು ಕಲಿತದ್ದು ಒಳ್ಳೆಯ ರೀತಿಯಲ್ಲಿ ಅಲ್ಲ. ಮೊದಲು ಮಾಡಿದ ಬೆಂಚಿಗೆ ನಾಲ್ಕು ಪಕ್ಕಾಸಿನ ತುಂಡುಗಳನ್ನೇ ಕಾಲು ಮಾಡಿ ಒಂದೊಂದು ಅಡಿ ಮಣ್ಣಲ್ಲಿ ಹೂತಿದ್ದೆ. ಗಟ್ಟಿ ನಿಲ್ಲಲಿ ಅಂತ. ನಿಂತಿತು ಕೂಡ, ಅಲುಗಾಡುತ್ತಲೇ ಇರಲಿಲ್ಲ. ಒಂದು ಮಳೆಗಾಲ ಕಳೆದು, ಇನ್ನೊಂದು ಮಳೆಗಾಲ ಕಳೆದು, ದೀಪಾವಳಿಯ ಹೊತ್ತಿಗೆ ಅಪ್ಪ ಎಂದಿನ ಹಾಗೆ ಹೋಗಿ ಕೂತರು. ಹಿಂದಿನ ಎಡಗಾಲು ನೆಲಮಟ್ಟದಲ್ಲಿ ಮುರಿದು ಅಪ್ಪ ಮಗುಚಿ ಬಿದ್ದರು. ಮೊಣಕೈ ತರಚಿತು, ಸೊಂಟ ಹಿಡಿದುಕೊಂಡು ಒಂದು ವಾರ ಮಲಗಿದರು. ಕಾಲನ್ನು ಕಿತ್ತು ನೋಡಿದರೆ ಹೊರಗೆ ತೆಳ್ಳಗೆ ಒಂದು ಪದರ ಮರ, ಒಳಗೆ ಪೂರ್ತಿ ಒರಲೆ (ಗೆದ್ದಲು) ಮಣ್ಣು. ಮಣ್ಣಿನ ಮೇಲಿದ್ದ ಭಾಗ ಮಾತ್ರ ಗಟ್ಟಿಯಾಗಿಯೇ ಇತ್ತು. ಆವತ್ತಿನಿಂದ ನಾನು ಮರವನ್ನು ಹೂತದ್ದಿಲ್ಲ.

ಸಾಮಾನು ಎಲ್ಲಿ ಸಿಗುತ್ತದೆ

1865ರಲ್ಲಿ ಬಾಸೆಲ್ ಮಿಷನ್‌ನವರು ಮಂಗಳೂರಲ್ಲಿ ಹಂಚಿನ ಕಾರ್ಖಾನೆ ಶುರು ಮಾಡಿದರು. ಆಮೇಲೆ ನಿಧಾನಕ್ಕೆ ನಮ್ಮ ಕಡೆಯ ಸೋಗೆ ಮಾಡು, ಮುಳಿಹುಲ್ಲಿನ ಮಾಡುಗಳೆಲ್ಲ ಹಂಚಿನ ಮಾಡಾದವು. ಹಂಚು ಭಾರ. ಹಾಗಾಗಿ ಅಡಿಯಲ್ಲಿ ಒಳ್ಳೆಯ ಮರದ್ದೇ ಪಕ್ಕಾಸು, ಅದರ ಮೇಲೆ ಹಂಚು ಕೂರಲು ಅಡ್ಡಕ್ಕೆ ಹೊಡೆದ ತೆಳ್ಳನೆ ಪಟ್ಟಿ, ಅಂದರೆ ರೀಪು. ಆ ಮನೆಗಳು ಈಗ ಒಂದೊಂದಾಗಿ ಇಳಿಯುತ್ತಿವೆ, ಅವುಗಳ ಜಾಗದಲ್ಲಿ ತಾರಸಿ ಬರುತ್ತಿದೆ. ಸಾಲದ್ದಕ್ಕೆ ತಲಪಾಡಿಯಿಂದ ಈಚೆಗೆ ಹೆದ್ದಾರಿ 66 ಅಗಲ ಮಾಡುವಾಗ ರಸ್ತೆ ಬದಿಯ ಎಷ್ಟೋ ಹಳೆ ಕಟ್ಟಡಗಳು ಹೋದವು. ಆ ಮರ ಎಲ್ಲ ಎಲ್ಲಾದರೂ ಒಂದು ಕಡೆ ಬಿದ್ದೇ ಇದೆ: ಯಾರದೋ ಹಟ್ಟಿಯ ಹಿಂದೆ, ಗುಜರಿ ಅಂಗಡಿಯಲ್ಲಿ, ಮರದ ಮಿಲ್ಲಿನ ಮೂಲೆಯಲ್ಲಿ.

ಮಿಲ್ಲಿನಲ್ಲೋ ಗುಜರಿಯಲ್ಲೋ ಮಲಯಾಳದಲ್ಲಿ ವಿಚಾರಿಸಬೇಕಾಗಿ ಬಂದರೆ ಪಕ್ಕಾಸಿಗೆ ಕಳುಕ್ಕೋಲ್, ರೀಪಿಗೆ ಪಟ್ಟಿಕ, ಗುಜರಿ ಅಂಗಡಿಗೆ ಆಕ್ರಿಕ್ಕಡ ಅಂತ ಕೇಳಿ. ಸರಿಯಾದ ಹೆಸರು ಹೇಳಿ ಕೇಳಿದರೆ ಇವನಿಗೆ ಬೇಕಾದದ್ದೇನು ಅಂತ ಅವರಿಗೂ ಗೊತ್ತಾಗುತ್ತದೆ, ರೇಟಿನಲ್ಲೂ ಸ್ವಲ್ಪ ವ್ಯತ್ಯಾಸ ಆಗುತ್ತದೆ.

ಇಲ್ಲೊಂದು ಮುಖ್ಯ ಗುಟ್ಟಿದೆ. ಉದ್ದದ, ನೆಟ್ಟಗಿನ ಪಕ್ಕಾಸನ್ನು ಕೇಳಬೇಡಿ. ಅದನ್ನು ಬೇರೆ ಮಾಡಿಗೆ ಹಾಕಲು ಬರುತ್ತದೆ, ಹಾಗಾಗಿ ಮರದ ಲೆಕ್ಕದಲ್ಲೇ ಮಾರುತ್ತಾರೆ. ಮಾಡಿನ ಅಂಚಿನ ಹತ್ತಿರ, ನೀರು ಇಳಿಯುವ ಕಡೆ, ಪಕ್ಕಾಸಿನ ತುದಿ ಒಂದೆರಡು ಅಡಿ ಕುಂಬಾಗಿರುತ್ತದೆ, ಅಂದರೆ ಕೊಳೆತಿರುತ್ತದೆ. ಅಂಥದ್ದನ್ನು, ಇಲ್ಲವೇ ನಡುವೆ ಮುರಿದದ್ದನ್ನು ಯಾರೂ ಮಾಡಿಗೆ ಕೊಳ್ಳುವುದಿಲ್ಲ, ಕಟ್ಟಿಗೆ ಲೆಕ್ಕಕ್ಕೆ ಹೋಗುತ್ತದೆ. ಬೆಂಚಿಗೆ ನಮಗೆ ಬೇಕಾದದ್ದು ಐದೇ ಅಡಿ. ಕುಂಬಾದ ತುದಿಯನ್ನು ಕೊಯ್ದು ಬಿಸಾಡಿದರೆ ಉಳಿದದ್ದು ನಮಗೆ ಬಂಗಾರ. ನನ್ನ ಎರಡನೇ ಬೆಂಚಿನ ನಾಲ್ಕೂ ಪಕ್ಕಾಸು ಹೀಗೆ ಕಟ್ಟಿಗೆಯ ಲೆಕ್ಕದಲ್ಲಿ ತೂಗಿಸಿ ತಂದದ್ದು.

ಸಾಧ್ಯವಾದರೆ ಅಡುಗೆ ಮನೆಯ ಮಾಡಿನದ್ದು ಕೇಳಿ ನೋಡಿ. ಹೊಗೆ ತಾಗಿ ಕಪ್ಪಾಗಿರುತ್ತದೆ, ನೋಡಲು ಚೆಂದ ಇರುವುದಿಲ್ಲ, ಆದರೆ ವರ್ಷಗಟ್ಟಲೆ ಹೊಗೆ ಕುಡಿದ ಮರಕ್ಕೆ ಹುಳ ಬೀಳುವುದು ಬಹಳ ಕಡಿಮೆ.

ಮರ ಆರಿಸುವುದು

ಹಲಸು, ತೇಗ, ಮರುವ, ಕಿರಾಲುಭೋಗಿ ಸಿಕ್ಕಿದರೆ ಯೋಚಿಸದೆ ತೆಗೆದುಕೊಳ್ಳಿ. ಮಾವು ಹೊರಗೆ ಬೇಡ. ತೆಂಗಿನ ಮರದ ಪಕ್ಕಾಸು ಹೊರಗಿನ ಕಪ್ಪು ಭಾಗದ್ದಾದರೆ ಪರವಾಗಿಲ್ಲ, ಒಳಗಿನ ಬಿಳಿ ಭಾಗ ಇದ್ದರೆ ಬಿಡಿ. ಮರದ ಗುರುತು ಸಿಗದಿದ್ದರೆ ತುದಿಯಲ್ಲಿ ಕತ್ತಿಯಿಂದ ಸ್ವಲ್ಪ ಹೆರೆದು ನೋಡಿ. ಹಲಸಾದರೆ ಒಳಗೆ ಹಳದಿ ಬಣ್ಣ. ಭೋಗಿ ಎತ್ತುವಾಗಲೇ ಗೊತ್ತಾಗುತ್ತದೆ, ಅಷ್ಟು ಭಾರ. ನಮ್ಮ ನೆರೆಯ ಆಚಾರಿಯವರಿಗೆ ಒಂದು ತುಂಡು ತೋರಿಸಿದಾಗ ಅವರು ಬೆರಳ ಗಂಟಿನಿಂದ ಎರಡು ಸಲ ಕುಟ್ಟಿ, ಕಿವಿಯ ಹತ್ತಿರ ಹಿಡಿದು, “ಇದು ಭೋಗಿ ಅಣ್ಣಾ, ಇದಕ್ಕೆ ಸುಮ್ನೆ ಆಣಿ ಹೊಡೆದ್ರೆ ಹೋಗ್ಲಿಕ್ಕಿಲ್ಲ, ಮೊದ್ಲು ತೂತು ಮಾಡ್ಬೇಕು” ಅಂದರು. ನಿಜ. ಎರಡು ಆಣಿ ಬಗ್ಗಿದ ಮೇಲೆ ಡ್ರಿಲ್ ತಂದೆ.

ಕುಟ್ಟಿ ನೋಡುವ ಅಭ್ಯಾಸ ನೀವೂ ಮಾಡಿಕೊಳ್ಳಿ. ಗಟ್ಟಿ ಮರ ಟಣ್ ಅನ್ನುತ್ತದೆ. ಒಳಗೆ ಹುಳ ತಿಂದದ್ದು ಬೊದ್ ಅನ್ನುತ್ತದೆ. ಸ್ಕ್ರೂಡ್ರೈವರಿನ ಮೊನೆಯಿಂದ ಉದ್ದಕ್ಕೂ ಒತ್ತಿ ನೋಡಿ, ಎಲ್ಲಾದರೂ ಒಳಗೆ ಇಳಿದರೆ ಆ ಭಾಗ ಕೊಯ್ಯಬೇಕು. ಸಣ್ಣ ತೂತುಗಳಿಂದ ಹಿಟ್ಟಿನ ಹಾಗೆ ಹುಡಿ ಬೀಳುತ್ತಿದ್ದರೆ ಕುಟ್ಟೆ ಹುಳ ಇನ್ನೂ ಒಳಗಿದೆ ಅಂತ ಅರ್ಥ, ಅದನ್ನು ಮನೆಗೆ ತರಲೇಬೇಡಿ. ತೂತು ಮಾತ್ರ ಇದ್ದು, ಬಿಸಿಲಿಗಿಟ್ಟು ವಾರ ಕಳೆದರೂ ಹುಡಿ ಬೀಳದಿದ್ದರೆ ಹೆದರಬೇಕಾಗಿಲ್ಲ.

ಬಣ್ಣ ಬಳಿದ ಹಳೆ ಬಾಗಿಲು, ಕಿಟಕಿಗಳ ಬಗ್ಗೆ ಎಚ್ಚರ. ಹಳೆ ಕಾಲದ ಪೈಂಟಿನಲ್ಲಿ ಸೀಸ ಇರುತ್ತಿತ್ತು. ಅದನ್ನು ಒಣಗಿದಲ್ಲೇ ಉಜ್ಜಿದರೆ ಆ ಹುಡಿ ನಮ್ಮ ಶ್ವಾಸಕೋಶಕ್ಕೂ ಮಕ್ಕಳ ಕೈಗೂ ಹೋಗುತ್ತದೆ. ಉಜ್ಜಲೇಬೇಕಾದರೆ ನೀರು ಹಾಕಿ ಉಜ್ಜಿ, ಮಾಸ್ಕ್ ಹಾಕಿ, ಕೆಳಗೆ ಪ್ಲಾಸ್ಟಿಕ್ ಹಾಸಿ, ಆ ಹುಡಿಯನ್ನು ತೋಟಕ್ಕೆ ಎಸೆಯಬೇಡಿ. ನಾನಂತೂ ಮಕ್ಕಳಿರುವ ಮನೆಯಲ್ಲಿ ಬಣ್ಣ ಬಳಿದ ಹಳೆ ಮರ ಮುಟ್ಟುವುದೇ ಇಲ್ಲ. ಬಣ್ಣ ಇಲ್ಲದ ಪಕ್ಕಾಸು ಇಷ್ಟೊಂದು ಇರುವಾಗ ಅದು ಯಾಕೆ ಬೇಕು ಅಲ್ವಾ?

ಆಣಿ ಕೀಳುವುದು, ಕೀಸುವುದು

ಪಕ್ಕಾಸಿನ ಒಂದು ಮೈಯಲ್ಲಿ ಸುಮಾರು ಅಡಿಗೊಂದರಂತೆ ಆಣಿ ಇರುತ್ತದೆ, ರೀಪು ಹೊಡೆದದ್ದು. ಎಲ್ಲ ಕಿತ್ತೆ ಅಂತ ಅನಿಸಿದರೂ ತಲೆ ಮುರಿದು ಒಳಗೆ ಉಳಿದದ್ದು ಒಂದೆರಡು ಇದ್ದೇ ಇರುತ್ತದೆ. ಹಾಳಾದ ಸ್ಪೀಕರಿನ ಒಳಗಿನ ಅಯಸ್ಕಾಂತ ಗುಜರಿಯಲ್ಲಿ ಸಿಗುತ್ತದೆ. ಅದನ್ನು ಒಂದು ದಾರಕ್ಕೆ ಕಟ್ಟಿ ಮರದ ಮೇಲೆ ಉದ್ದಕ್ಕೆ ತಂದರೆ ಆಣಿ ಇರುವಲ್ಲಿ ಎಳೆಯುತ್ತದೆ. ಈ ಐದು ನಿಮಿಷದ ಕೆಲಸ ಬಿಟ್ಟರೆ ಕೀಸುಳಿಯ ಅಲಗು ಹೋಗುತ್ತದೆ. ಮಿಲ್ಲಿನಲ್ಲಿ ಕೀಸಲು ಕೊಡುವುದಾದರೂ ಆಣಿ ಇದ್ದರೆ ಅವರು ಮುಟ್ಟುವುದಿಲ್ಲ, ಅದು ಸರಿ ಕೂಡ.

ಆಮೇಲೆ ತೊಳೆಯಿರಿ. ಹಳೆ ಬ್ರಷ್ಷು, ನೀರು ಸಾಕು. ಒಂದು ವಾರ ನೆರಳಲ್ಲಿ, ಗಾಳಿ ಆಡುವ ಹಾಗೆ ನಡುವೆ ರೀಪಿನ ತುಂಡು ಇಟ್ಟು ಒಣಗಿಸಿ.

ಕೀಸುವ ಕೆಲಸ ನನಗೆ ಬಹಳ ಇಷ್ಟ. ಹಲಸಿನ ಪಕ್ಕಾಸು ಹೊರಗಿಂದ ಬೂದಿ ಬಣ್ಣ, ಮಸಿ, ಜೇಡರ ಬಲೆಯ ಗುರುತು, ನೋಡಿದರೆ ಕಟ್ಟಿಗೆಯೇ. ಕೀಸುಳಿಯನ್ನು ಒಮ್ಮೆ ಎಳೆದಾಗ ಬರುವ ಮೊದಲ ಸುರುಳಿ ಕಪ್ಪು. ಎರಡನೆಯದು ಕಂದು. ಮೂರನೆಯದಕ್ಕೆ ಅರಿಶಿನದ ಹಾಗಿನ ಹಳದಿ ಹೊರಗೆ ಬರುತ್ತದೆ, ಅದರ ನಡುವೆ ಉದ್ದಕ್ಕೆ ಕೆಂಪು ಗೆರೆ. ಕೆಲವು ತಿಂಗಳು ಬಿಸಿಲು ಕಂಡ ಮೇಲೆ ಆ ಹಳದಿ ಹೋಗಿ ಜೇನಿನ ಬಣ್ಣ ಆಗುತ್ತದೆ. ಜಾಸ್ತಿ ಕೀಸಬೇಡಿ, ಕೂರುವ ಮೈ ಮತ್ತು ಅಂಚು ನಯವಾದರೆ ಸಾಕು. ಅಡಿಯ ಮೈ ಹಾಗೇ ಇರಲಿ. ಆಣಿ ತೂತು ಇರುವ ಮೈಯನ್ನು ಯಾವಾಗಲೂ ಅಡಿಗೆ ಹಾಕಿ, ಯಾಕೆಂದರೆ ಮೇಲೆ ಹಾಕಿದರೆ ಒಂದೊಂದು ತೂತೂ ಒಂದೊಂದು ಸಣ್ಣ ಬಾವಿ.

ಬೆಂಚು

ಕಾಲಿಗೆ ಮುರಕಲ್ಲು, ಅಂದರೆ ಜಂಬಿಟ್ಟಿಗೆ ಕಲ್ಲು. ಕೆಡವಿದ ಮನೆಯಲ್ಲಿ ಮರ ಸಿಗುವ ಹಾಗೆ ಕಲ್ಲೂ ಸಿಗುತ್ತದೆ. ಹಳೆ ಗೋಡೆಯ ಕಲ್ಲು ಹೊಸದಕ್ಕಿಂತ ಒಳ್ಳೆಯದು, ಯಾಕೆಂದರೆ ಈ ಕಲ್ಲು ಪಾರೆಯಿಂದ ಕಡಿಯುವಾಗ ಮೆತ್ತಗಿದ್ದು ಗಾಳಿಗೆ ಒಡ್ಡಿದ ಮೇಲೆ ಗಟ್ಟಿಯಾಗುತ್ತದೆ. 1807ರಲ್ಲಿ ಅಚ್ಚಾದ ತನ್ನ ಪ್ರವಾಸದ ಬರಹದಲ್ಲಿ ಫ್ರಾನ್ಸಿಸ್ ಬುಕಾನನ್ ಇದೇ ಗುಣವನ್ನು ಗಮನಿಸಿ, ಇಟ್ಟಿಗೆಯ ಹಾಗೆ ಕಡಿದು ಕಟ್ಟುವ ಕಲ್ಲು ಅಂತ ಲ್ಯಾಟರೈಟ್ ಎಂಬ ಹೆಸರು ಕೊಟ್ಟದ್ದು. ಅವನು ನೋಡಿದ್ದು ಮಲಪ್ಪುರದ ಅಂಗಾಡಿಪುರಂ ಕಡೆಯ ಕಲ್ಲು, ನಮ್ಮದೂ ಅದೇ ಜಾತಿ. ಬೇಕಲ ಕೋಟೆ ನಿಂತಿರುವುದೂ ಇದರಲ್ಲೇ.

ನನಗೆ ಸಿಕ್ಕಿದ ಕಲ್ಲು 15 ಇಂಚು ಉದ್ದ, 9 ಇಂಚು ಅಗಲ, 7 ಇಂಚು ದಪ್ಪ. ನಿಮ್ಮದರ ಅಳತೆ ಬೇರೆ ಇದ್ದರೆ ಎತ್ತರದ ಲೆಕ್ಕ ಮಾತ್ರ ನೋಡಿಕೊಳ್ಳಿ: ಕೂರುವ ಜಾಗ ನೆಲದಿಂದ 16ರಿಂದ 18 ಇಂಚಿನ ಒಳಗಿರಬೇಕು. ಮನೆಯಲ್ಲಿ ಮಂಡಿ ನೋವಿನ ಹಿರಿಯರಿದ್ದರೆ 18 ಮಾಡಿ, ಏಳಲು ಸುಲಭ. ಒಟ್ಟು ನಾಲ್ಕು ಕಲ್ಲು ಬೇಕು, ಒಂದರ ಮೇಲೊಂದು ಎರಡು, ಹಾಗೆ ಎರಡು ಕಾಲು. ಒಂದೊಂದು ಕಲ್ಲು 30 ಕಿಲೊದ ಆಸುಪಾಸು ತೂಗುತ್ತದೆ, ಒಬ್ಬರೇ ಎತ್ತಲು ಹೋಗಬೇಡಿ.

ಜಾಗ ಆರಿಸುವಾಗ ಮಾಡಿನ ನೀರು ಬೀಳುವ ಸಾಲಿನಿಂದ ದೂರ ಇರಿ. ಎರಡು ಕಡೆ ಆರಿಂಚು ಆಳಕ್ಕೆ ಅಗೆದು, ಒಡೆದ ಹಂಚಿನ ಚೂರು ತುಂಬಿಸಿ ಚೆನ್ನಾಗಿ ಗುದ್ದಿ. ಹಂಚಿನ ಚೂರಿನ ಒಳಗಿಂದ ನೀರು ಇಳಿದು ಹೋಗುತ್ತದೆ, ಕಲ್ಲು ಕೆಳಗೆ ಕುಸಿಯುವುದಿಲ್ಲ. ಅದರ ಮೇಲೆ ಕಲ್ಲಿಟ್ಟು, ನಡುವೆ ಅರ್ಧ ಇಂಚು ಗಾರೆ ಹಾಕಿ ಎರಡನೆಯದನ್ನು ಕೂರಿಸಿ. ಒಂದು ಪಾಲು ಸಿಮೆಂಟಿಗೆ ಐದು ಪಾಲು ಮರಳು. ಕಲ್ಲನ್ನು ಮೊದಲೇ ಒದ್ದೆ ಮಾಡಿರಬೇಕು, ಇಲ್ಲದಿದ್ದರೆ ಅದು ಗಾರೆಯ ನೀರನ್ನೆಲ್ಲ ಎಳೆದುಕೊಳ್ಳುತ್ತದೆ. ಎರಡೂ ಕಾಲು ಒಂದೇ ಮಟ್ಟದಲ್ಲಿದೆಯಾ ಅಂತ ಲೆವೆಲ್ ಪೈಪಿನಿಂದ ನೋಡಿ. ಹಿಂಬದಿಗೆ ಮಾತ್ರ ಕಾಲಿಂಚು ಇಳಿಜಾರು ಕೊಡಿ, ಕೂತಾಗ ಆರಾಮ, ನೀರೂ ಜಾರುತ್ತದೆ. ಒಂದು ಕಾಲಿನ ಹೊರ ಅಂಚಿನಿಂದ ಇನ್ನೊಂದರ ಹೊರ ಅಂಚಿಗೆ 50 ಇಂಚು ಬರಲಿ.

ಕಲ್ಲಿನಲ್ಲಿ ಮಾಡಬೇಕಾದ ಇನ್ನೊಂದು ಕೆಲಸ ಇದೆ. ಮೇಲಿನ ಕಲ್ಲಿನ ತಲೆಯಲ್ಲಿ, ನಡುವೆ, ಎರಡೂವರೆ ಇಂಚು ಆಳದ ತೂತು ಕೊರೆದು ಕಾಂಕ್ರೀಟಿಗೆ ಹಾಕಿ ಉಳಿದ 10 ಮಿಲಿಮೀಟರ್ ಕಂಬಿಯ ತುಂಡೊಂದನ್ನು ಸಿಮೆಂಟು ಹಾಕಿ ನಿಲ್ಲಿಸಿ. ಮೇಲೆ ಮುಕ್ಕಾಲು ಇಂಚು ಮಾತ್ರ ಕಾಣಬೇಕು. ಅದಕ್ಕೆ ತುಕ್ಕು ಹಿಡಿಯದ ಹಾಗೆ ರೆಡ್ ಆಕ್ಸೈಡ್ ಬಳಿಯಿರಿ. ಮರದ ಹಲಗೆಯನ್ನು ಕಲ್ಲಿಗೆ ಕಟ್ಟಿ ಬಿಗಿಯುವುದಿಲ್ಲ, ಈ ಕಂಬಿಯ ಮೇಲೆ ಕೂರಿಸುವುದು ಮಾತ್ರ. ಯಾಕೆ ಅಂತ ಕೊನೆಗೆ ಹೇಳುತ್ತೇನೆ. ನಾಲ್ಕು ದಿನ ಕಲ್ಲಿಗೆ ನೀರು ಹಾಕುತ್ತಿರಿ.

ಈಗ ಮರ. ನಾಲ್ಕಿಂಚು ಅಗಲ ಎರಡಿಂಚು ದಪ್ಪದ ಪಕ್ಕಾಸು ಕೀಸಿದ ಮೇಲೆ ಮೂರೂವರೆ ಇಂಚು ಅಗಲ, ಒಂದೂಮುಕ್ಕಾಲು ಇಂಚು ದಪ್ಪ ಉಳಿಯುತ್ತದೆ. ಐದಡಿಯ ನಾಲ್ಕು ತುಂಡು ಬೇಕು. ಅವನ್ನು ಪಕ್ಕ ಪಕ್ಕ ಮಲಗಿಸಿ, ನಡುವೆ ಅರ್ಧ ಇಂಚು ಸಂದು ಬಿಟ್ಟರೆ ಒಟ್ಟು ಹದಿನೈದೂವರೆ ಇಂಚು ಅಗಲ ಆಗುತ್ತದೆ. ಸಂದು ಬಿಡಲೇಬೇಕು. ಕೆಲವರು ಚೆಂದ ಕಾಣಲಿ ಅಂತ ಒತ್ತಿ ಜೋಡಿಸುತ್ತಾರೆ, ಮಳೆಗೆ ಮರ ಉಬ್ಬಿ ಒಂದನ್ನೊಂದು ನೂಕಿ ಬಾಗುತ್ತದೆ, ಆ ಸಂದಿಯಲ್ಲಿ ಎಲೆ ಕಸ ಕೂತು ಕೊಳೆಯುತ್ತದೆ. ಅರ್ಧ ಇಂಚಿದ್ದರೆ ಹಿಡಿಸೂಡಿಯ ಕಡ್ಡಿ ಹಾಕಿ ಎಳೆದರೆ ಕಸ ಬಂತು.

ಪಕ್ಕಾಸುಗಳನ್ನು ಕವುಚಿ ಹಾಕಿ ಅಡಿಯಿಂದ ಮೂರು ಅಡ್ಡಪಟ್ಟಿ ಹೊಡೆಯಬೇಕು: ಎರಡು ಕಲ್ಲಿನ ಮೇಲೆ ಬರುವಲ್ಲಿ, ಒಂದು ನಡುವೆ. ಇದಕ್ಕೆ ಒಂದಿಂಚು ದಪ್ಪದ ರೀಪು ಸಾಕು, ಉದ್ದ ಹದಿನಾಲ್ಕು ಇಂಚು. ಪ್ರತಿ ಪಕ್ಕಾಸಿಗೆ ಪ್ರತಿ ಪಟ್ಟಿಯಲ್ಲಿ ಎರಡು ಸ್ಕ್ರೂ, ಒಟ್ಟು 24. ಎರಡಿಂಚಿನ ಸ್ಟೈನ್‌ಲೆಸ್ ಸ್ಟೀಲ್ ಸ್ಕ್ರೂ ತೆಗೆದುಕೊಳ್ಳಿ. ಬೇರೆ ಎಲ್ಲದರಲ್ಲೂ ಉಳಿಸಿ, ಇದರಲ್ಲಿ ಬೇಡ. ಸಾಮಾನ್ಯ ಕಪ್ಪು ಸ್ಕ್ರೂ ನಮ್ಮ ಉಪ್ಪು ಗಾಳಿಗೆ, ಈ ಮಳೆಗೆ ಎರಡನೇ ವರ್ಷಕ್ಕೆ ತುಕ್ಕು ಹಿಡಿದು ತಲೆ ಹಾರುತ್ತದೆ, ಆಮೇಲೆ ಬಿಚ್ಚಲೂ ಬರುವುದಿಲ್ಲ. ಮೊದಲು ಮೂರು ಮಿಲಿಮೀಟರ್ ಬಿಟ್ಟಿನಿಂದ ತೂತು ಕೊರೆದು, ಸ್ಕ್ರೂವಿಗೆ ಸ್ವಲ್ಪ ಸಾಬೂನು ಉಜ್ಜಿ ತಿರುಗಿಸಿ. ಅಡಿಯಿಂದಲೇ ಸ್ಕ್ರೂ ಹಾಕುವುದಕ್ಕೆ ಕಾರಣ ಇದೆ: ಕೂರುವ ಮೈಯಲ್ಲಿ ಒಂದೂ ತೂತು ಇರುವುದಿಲ್ಲ, ನೀರು ಒಳಗಿಳಿಯಲು ದಾರಿ ಇಲ್ಲ, ಸೀರೆ ಪಂಚೆ ಸಿಕ್ಕುವುದೂ ಇಲ್ಲ.

ಕಲ್ಲಿನ ಮೇಲೆ ಬರುವ ಎರಡು ಪಟ್ಟಿಗಳಲ್ಲಿ, ಒಂದೊಂದರ ನಟ್ಟನಡುವೆ ಕಂಬಿ ಬರುವ ಜಾಗದಲ್ಲಿ, 12 ಮಿಲಿಮೀಟರ್ ತೂತು ಕೊರೆಯಿರಿ. ಕಂಬಿಗಿಂತ ಸ್ವಲ್ಪ ದೊಡ್ಡದಿದ್ದರೆ ಎತ್ತಿ ಇಡಲು ಸುಲಭ. ಕಲ್ಲಿನ ಮೇಲೆ ಹಳೆ ಲಾರಿ ಟ್ಯೂಬಿನ ತುಂಡೊಂದನ್ನು ಕತ್ತರಿಸಿ ಹಾಸಿ, ಕಂಬಿಗೆ ತೂತು ಮಾಡಿ. ಮುರಕಲ್ಲು ಮಳೆಗಾಲ ಪೂರ್ತಿ ನೀರು ಹಿಡಿದುಕೊಂಡಿರುತ್ತದೆ. ಟ್ಯೂಬ್ ಇಲ್ಲದಿದ್ದರೆ ಆ ನೀರನ್ನು ಮರ ಎಳೆದುಕೊಳ್ಳುತ್ತದೆ. ಲೆಕ್ಕ ಹಾಕಿದರೆ ಎತ್ತರ ಸುಮಾರು ಹದಿನೇಳು ಇಂಚು ಆಯಿತು. ಎರಡೂ ತುದಿಯಲ್ಲಿ ಹಲಗೆ ಕಲ್ಲಿನಿಂದ ಐದೈದು ಇಂಚು ಹೊರಗೆ ಚಾಚಿರುತ್ತದೆ. ಅದಕ್ಕಿಂತ ಜಾಸ್ತಿ ಬಿಡಬೇಡಿ, ತುದಿಯಲ್ಲಿ ಕೂತರೆ ಇನ್ನೊಂದು ತುದಿ ಎದ್ದೀತು.

ಇಷ್ಟಕ್ಕೆ ನನಗೆ ಒಂದೂವರೆ ಸಾವಿರದ ಒಳಗೆ ಮುಗಿಯಿತು, ಎರಡು ಭಾನುವಾರದ ಕೆಲಸ.

ಎಣ್ಣೆ

ವಾರ್ನಿಷ್ ಬೇಡ ಅನ್ನುತ್ತೇನೆ. ಹಾಕಿದ ದಿನ ಕನ್ನಡಿಯ ಹಾಗೆ ಹೊಳೆಯುತ್ತದೆ, ಬಿಸಿಲಿಗೆ ಬಿರುಕು ಬಿಟ್ಟ ಮೇಲೆ ಅದರ ಅಡಿಗೆ ನೀರು ಹೋಗಿ ಹೊರಗೆ ಬರಲಾರದೆ ಮರವನ್ನೇ ಕೊಳೆಸುತ್ತದೆ. ಮತ್ತೆ ಹಾಕಬೇಕಾದರೆ ಎಲ್ಲ ಹೆರೆಯಬೇಕು. ಎಣ್ಣೆಯಾದರೆ ಹಾಗಲ್ಲ, ವರ್ಷಕ್ಕೊಮ್ಮೆ ಒರೆಸಿ ಮೇಲಿಂದ ಮತ್ತೆ ಹಚ್ಚಿದರಾಯಿತು.

ಕೂರುವ ಮೈಗೆ ಅಂಗಡಿಯಲ್ಲಿ ಸಿಗುವ ಬೇಯಿಸಿದ ಅಗಸೆ ಎಣ್ಣೆ, ಅಂದರೆ ಬಾಯಿಲ್ಡ್ ಲಿನ್ಸೀಡ್ ಆಯಿಲ್. ತೆಳ್ಳಗೆ ಹಚ್ಚಿ, ಅರ್ಧ ಗಂಟೆ ಬಿಟ್ಟು ಉಳಿದದ್ದನ್ನು ಪೂರ್ತಿ ಒರೆಸಿ ತೆಗೆಯಿರಿ. ದಪ್ಪಗೆ ಬಿಟ್ಟರೆ ಅಂಟು ಅಂಟಾಗಿ, ಮಳೆಗಾಲದಲ್ಲಿ ಕಪ್ಪು ಬೂಸಲು ಹಿಡಿಯುತ್ತದೆ. ದಿನ ಬಿಟ್ಟು ದಿನ ಮೂರು ಸಲ. ಪಕ್ಕಾಸಿನ ಕೊಯ್ದ ತುದಿಗಳಿಗೆ ಇನ್ನೂ ಎರಡು ಸಲ ಜಾಸ್ತಿ ಹಚ್ಚಿ, ಮರ ನೀರು ಕುಡಿಯುವುದು ಹೆಚ್ಚಾಗಿ ಆ ಬಾಯಿಯಿಂದಲೇ. ಒಂದು ಎಚ್ಚರಿಕೆ: ಈ ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಹಾಕಬೇಡಿ. ಒಣಗುವಾಗ ಬಿಸಿಯಾಗಿ ತಾನಾಗಿ ಬೆಂಕಿ ಹತ್ತುವುದುಂಟು. ಬಿಡಿಸಿ ತಂತಿಯ ಮೇಲೆ ಹಾಕಿ ಒಣಗಿಸಿ, ಆಮೇಲೆ ಬಿಸಾಡಿ.

ಅಡಿಯ ಮೈಗೆ, ಅಡ್ಡಪಟ್ಟಿಗೆ ನಮ್ಮ ಊರಿನ ಹಳೆ ಮದ್ದೇ ಇದೆ, ಗೇರುಬೀಜದ ಸಿಪ್ಪೆಯ ಎಣ್ಣೆ. ದೋಣಿಗಳಿಗೂ ಇದನ್ನು ಬಳಿಯುತ್ತಾರೆ. ಒರಲೆ ಹತ್ತಿರ ಸುಳಿಯುವುದಿಲ್ಲ. ಗೇರುಬೀಜದ ಕಾರ್ಖಾನೆಗಳಿರುವ ಕಡೆ ವಿಚಾರಿಸಿದರೆ ಸಿಗುತ್ತದೆ. ಕಪ್ಪಗೆ, ಮಂದ ಇರುತ್ತದೆ, ಸ್ವಲ್ಪ ಸೀಮೆಎಣ್ಣೆ ಬೆರೆಸಿ ತೆಳ್ಳಗೆ ಮಾಡಿ ಬಳಿಯಬೇಕು. ಆದರೆ ಚರ್ಮಕ್ಕೆ ತಾಗಿದರೆ ಸುಟ್ಟ ಹಾಗೆ ಗುಳ್ಳೆ ಏಳುತ್ತದೆ. ಹಸಿ ಗೇರುಬೀಜ ಸುಟ್ಟು ತಿಂದವರಿಗೆ ಇದು ಹೇಳಬೇಕಾಗಿಲ್ಲ. ರಬ್ಬರ್ ಗ್ಲೌಸ್ ಹಾಕಿ, ಮೊಣಕೈವರೆಗೆ ತೆಂಗಿನೆಣ್ಣೆ ಹಚ್ಚಿಕೊಂಡು ಕೆಲಸ ಮಾಡಿ. ಕೂರುವ ಮೈಗೆ, ಕೈ ತಾಗುವ ಅಂಚಿಗೆ ಇದನ್ನು ಹಚ್ಚಲೇಬಾರದು. ಒಣಗಲು ವಾರದ ಮೇಲೆ ಹಿಡಿಯುತ್ತದೆ, ಅಲ್ಲಿವರೆಗೆ ಮಕ್ಕಳನ್ನು ದೂರ ಇಡಿ.

ವಾಹನದ ಸುಟ್ಟ ಆಯಿಲ್ ಹಚ್ಚುವವರಿದ್ದಾರೆ. ನಾನು ಹಚ್ಚುವುದಿಲ್ಲ. ಬಟ್ಟೆಗೆ ಹಿಡಿಯುತ್ತದೆ, ಮಳೆಗೆ ತೊಳೆದು ಅಂಗಳಕ್ಕೆ, ಅಲ್ಲಿಂದ ಬಾವಿಗೆ ಹೋಗುತ್ತದೆ.

ಅಡಿಕೆ ಸಲಾಕೆ

ಪಕ್ಕಾಸು ಸಿಗದಿದ್ದರೆ ಬೇಸರ ಬೇಡ, ನಮ್ಮಲ್ಲಿ ಅಡಿಕೆ ಮರ ಇದೆ. ಹಳದಿ ರೋಗ ಬಂದು, ಗಾಳಿಗೆ ಮುರಿದು, ವಯಸ್ಸಾಗಿ ಕಡಿದದ್ದು ಪ್ರತಿ ತೋಟದಲ್ಲೂ ಬಿದ್ದಿರುತ್ತದೆ. ಘಟ್ಟದ ಮೇಲಿನವರು ದಬ್ಬೆ ಅನ್ನುತ್ತಾರೆ, ನಮಗೆ ಸಲಾಕೆ. ಬಲಿತ ಮರವೇ ಆಗಬೇಕು, ಎಳೆ ಮರದಲ್ಲಿ ಬರೀ ತಿರುಳು. ಬುಡದ ಕಡೆಯ ಹತ್ತಡಿ ಎಲ್ಲಕ್ಕಿಂತ ಗಟ್ಟಿ.

ತುದಿಯಲ್ಲಿ ಕತ್ತಿಯಿಟ್ಟು ಕೊಡತಿಯಿಂದ ಒಂದು ಪೆಟ್ಟು ಕೊಟ್ಟರೆ ಸೀಳು ತಾನೇ ನಾರಿನ ದಾರಿಯಲ್ಲಿ ಓಡುತ್ತದೆ, ಆ ಸದ್ದು ಕೇಳಲು ಚೆಂದ, ಚರಚರ ಅಂತ ಉದ್ದಕ್ಕೆ ಹೋಗುತ್ತದೆ. ಮೊದಲು ಎರಡು ಹೋಳು, ಆಮೇಲೆ ನಾಲ್ಕು, ಆಮೇಲೆ ಎಂಟು. ಒಳಗಿನ ಬಿಳಿ ತಿರುಳನ್ನು ಪೂರ್ತಿ ಕೆತ್ತಿ ತೆಗೆಯಿರಿ, ಕಪ್ಪು ನಾರಿನ ಗಟ್ಟಿ ಸಿಗುವವರೆಗೆ. ಸೋಮಾರಿತನ ಮಾಡಿ ತಿರುಳು ಉಳಿಸಿದರೆ ಅಲ್ಲಿಂದಲೇ ಹುಳ ಶುರು. ಆಮೇಲೆ ಎರಡು ಮೂರು ವಾರ ತೋಡಿನ ನೀರಲ್ಲೋ ಕೆರೆಯಲ್ಲೋ ಮುಳುಗಿಸಿ ಕಲ್ಲು ಹೇರಿಡಿ. ಮರದ ಸಿಹಿ ಎಲ್ಲ ನೀರಿಗೆ ಬಿಟ್ಟು ಹುಳಕ್ಕೆ ತಿನ್ನಲು ಏನೂ ಉಳಿಯುವುದಿಲ್ಲ. ತೆಗೆದಾಗ ವಾಸನೆ ಬರುತ್ತದೆ, ಬಿಸಿಲಿಗೆ ಹೋಗುತ್ತದೆ.

ಸಲಾಕೆಯ ಅಂಚು ಬ್ಲೇಡಿನ ಹಾಗೆ. ಅದರ ಮುಳ್ಳು ಕೈಗೆ ಹೊಕ್ಕರೆ ತೆಗೆಯುವುದು ಕಷ್ಟ. ಹಾಗಾಗಿ ಅಂಚನ್ನು ಮೆಟ್ಟುಕತ್ತಿಯಲ್ಲಿ ಹೆರೆದು ಸ್ಯಾಂಡ್‌ಪೇಪರ್ ಹಾಕಿ ದುಂಡಗೆ ಮಾಡದೆ ಯಾರನ್ನೂ ಕೂರಿಸಬೇಡಿ. ಹೊರ ಮೈ ಮೇಲೆ ಬರಬೇಕು. ಒಂದೂಕಾಲು ಅಡಿಗೊಂದು ಅಡ್ಡ ಆಧಾರ ಬೇಕು, ಜಾಸ್ತಿ ಅಂತರ ಕೊಟ್ಟರೆ ತೂಗುತ್ತದೆ. ಇದಕ್ಕೆ ಆಣಿ ಹೊಡೆದರೆ ಸೀಳುತ್ತದೆ, ತೂತು ಕೊರೆದು ಸ್ಕ್ರೂ ಹಾಕಿ, ಇಲ್ಲವೇ ಮಂಜೇಶ್ವರ ಕಡೆ ಬಂದರಿನಲ್ಲಿ ಬಿಟ್ಟ ಹಳೆ ಬಲೆಹಗ್ಗ ತಂದು ಬಿಗಿದು ಕಟ್ಟಿ. ತೆಂಗಿನ ನಾರಿನ ಹಗ್ಗ ಮಳೆಯಲ್ಲಿ ಅಷ್ಟು ಬಾಳುವುದಿಲ್ಲ. ಸಲಾಕೆಯ ಮಂಚ ನಾಲ್ಕೈದು ವರ್ಷ ಬಂದರೆ ಬೇಕಾದಷ್ಟಾಯಿತು. ಹಲಗೆ ಬೆಂಚಿನಷ್ಟು ಬಾಳುವುದಿಲ್ಲ, ಆದರೆ ಮಧ್ಯಾಹ್ನ ಮಲಗಲು ಅದರಷ್ಟು ತಂಪು ಬೇರೆ ಇಲ್ಲ.

ಕಲ್ಲಿನ ಮೇಜು

ಅಡುಗೆ ಮನೆಗೆ ಗ್ರಾನೈಟ್ ಹಾಕಿಸುವವರು ಹಳೆ ಕಪ್ಪು ಕಡಪ ಕಲ್ಲನ್ನು ಹೊರಗೆ ಎಸೆಯುತ್ತಾರೆ. ಅಂಗಳದ ಮೇಜಿಗೆ ಅದಕ್ಕಿಂತ ಒಳ್ಳೆಯದಿಲ್ಲ, ಮಳೆ ಬಿಸಿಲು ಏನೂ ಲೆಕ್ಕಕ್ಕಿಲ್ಲ. ನಾಲ್ಕಡಿ ಉದ್ದ ಎರಡಡಿ ಅಗಲದ್ದು, 20 ಮಿಲಿಮೀಟರ್ ದಪ್ಪದ್ದು, ಸುಮಾರು 40 ಕಿಲೊ ಬರುತ್ತದೆ. ಸಾಗಿಸುವಾಗ ಮಲಗಿಸಬೇಡಿ, ಅಂಚಿನ ಮೇಲೆ ನಿಲ್ಲಿಸಿಯೇ ಹಿಡಿಯಿರಿ, ಇಲ್ಲದಿದ್ದರೆ ನಡುವೆ ಮುರಿಯುತ್ತದೆ. ಸಿಂಕಿನ ತೂತು ಇರುವ ತುಂಡು ಆ ಮೂಲೆಯಲ್ಲೇ ಬಿರುಕು ಬಿಡುತ್ತದೆ, ಬೇಡ. ಕಾಲಿಗೆ ಮುರಕಲ್ಲೇ ಆಗುತ್ತದೆ, ನಾಲ್ಕು ಸಾಲು ಹೇರಿ. ಗುಜರಿಯಲ್ಲಿ ಹಳೆ ಹೊಲಿಗೆ ಮೆಷಿನಿನ ಬೀಡು ಕಬ್ಬಿಣದ ಸ್ಟ್ಯಾಂಡು ಸಿಕ್ಕಿದರೆ ಇನ್ನೂ ಚೆಂದ, ತುಕ್ಕು ಉಜ್ಜಿ ರೆಡ್ ಆಕ್ಸೈಡ್ ಎರಡು ಸಲ ಬಳಿದು ಆಮೇಲೆ ಬಣ್ಣ ಕೊಡಿ. ಆದರೆ ಅದರ ಮೇಲೆ ಎರಡೂವರೆ ಅಡಿಗಿಂತ ಉದ್ದದ ಕಲ್ಲು ಇಡಬೇಡಿ. ಕಲ್ಲಿನ ಅಡಿಗೆ ಇಲ್ಲೂ ಟ್ಯೂಬಿನ ತುಂಡು ಇಡಬೇಕು, ಗಡಗಡ ಆಗುವುದಿಲ್ಲ.

ತರಬಾರದ ಸಾಮಾನು

ಹಳೆ ಸಿಮೆಂಟ್ ಶೀಟು, ಅಂದರೆ ಆಸ್ಬೆಸ್ಟಾಸ್, ಕತ್ತರಿಸುವುದು ಒಡೆಯುವುದು ಎರಡೂ ಬೇಡ. ಅದರ ಹುಡಿ ಶ್ವಾಸಕೋಶಕ್ಕೆ ಹೋದರೆ ವರ್ಷಗಳ ನಂತರ ಕ್ಯಾನ್ಸರ್ ತರಬಹುದು. ಕೀಟನಾಶಕ ತುಂಬಿದ್ದ ಡ್ರಮ್ಮಿನ ಸ್ಟೂಲೂ ಬೇಡ, ಎಷ್ಟು ತೊಳೆದರೂ ಬೇಡ.

ಪ್ಯಾಲೆಟ್ ಮರ ತರುವುದಾದರೆ ಅದರ ಮೇಲಿನ ಮುದ್ರೆ ನೋಡಿ. ಎಚ್‌ಟಿ ಅಂತ ಇದ್ದರೆ ಬಿಸಿ ಮಾಡಿ ಹುಳ ಕೊಂದದ್ದು, ತರಬಹುದು. ಎಂಬಿ ಅಂತ ಇದ್ದರೆ ಮೀಥೈಲ್ ಬ್ರೋಮೈಡ್ ಎಂಬ ವಿಷದ ಹೊಗೆ ಕೊಟ್ಟದ್ದು, ಬಿಡಿ. ಎಚ್‌ಟಿ ಆದರೂ ಹೆಚ್ಚಾಗಿ ಮೆತ್ತನೆಯ ಪೈನ್ ಮರ, ಜಗಲಿಯ ಒಳಗೆ ಸರಿ, ನಮ್ಮ ಮಳೆಗಲ್ಲ.

ಟಯರಿನ ಸ್ಟೂಲನ್ನು ಬಹಳ ಜನ ಮಾಡುತ್ತಾರೆ. ಅದರೊಳಗೆ ನಿಂತ ಒಂದು ಲೋಟ ನೀರು ಸಾಕು ಡೆಂಗಿ ಸೊಳ್ಳೆ ಮೊಟ್ಟೆ ಇಡಲು. ಮಾಡಲೇಬೇಕಾದರೆ ಅಡಿಯ ಸುತ್ತ ಎಂಟು ಹತ್ತು ದೊಡ್ಡ ತೂತು ಕೊರೆಯಿರಿ, ಒಳಗೆ ನೀರು ಉಳಿಯುತ್ತದಾ ಅಂತ ಮಳೆ ಬಂದಾಗ ಹೋಗಿ ನೋಡಿ.

ಕೊನೆಗೆ, ಬೆಂಚಿನ ಹಲಗೆಯನ್ನು ಕಲ್ಲಿಗೆ ಬಿಗಿಯದೆ ಬಿಟ್ಟದ್ದು ಯಾಕೆ ಅಂದರೆ, ಮೇ 24ರ ಆಸುಪಾಸಿನ ಪತ್ತನಾಜೆ (ಮಳೆಗಾಲಕ್ಕೆ ಮುಂಚೆ ತುಳುನಾಡಿನ ನೇಮ, ಯಕ್ಷಗಾನ ಮುಗಿಯುವ ದಿನ) ಕಳೆದ ಮೇಲೆ ಅಂಗಳದಲ್ಲಿ ಕೂರುವವರು ಹೇಗೂ ಇಲ್ಲ. ಆಗ ಇಬ್ಬರು ಎರಡು ತುದಿ ಹಿಡಿದು ಎತ್ತಿದರೆ ಹಲಗೆ ಪೂರ್ತಿಯಾಗಿ ಬರುತ್ತದೆ, ಜಗಲಿಗೆ ತಂದು ಗೋಡೆಗೆ ಒರಗಿಸಿಡಿ. ಕಲ್ಲು ಮಳೆಯಲ್ಲಿ ನೆನೆಯಲಿ, ಪಾಚಿ ಹಿಡಿಯಲಿ, ಅದಕ್ಕೇನೂ ಆಗುವುದಿಲ್ಲ. ಚೌತಿ ಕಳೆದು ನಾಲ್ಕು ದಿನ ಬಿಸಿಲು ಬಂದಾಗ ಕಲ್ಲಿನ ಪಾಚಿ ಉಜ್ಜಿ, ಟ್ಯೂಬಿನ ತುಂಡು ಹರಿದಿದ್ದರೆ ಬದಲಿಸಿ, ಹಲಗೆಗೆ ಒಂದು ಕೈ ಎಣ್ಣೆ ಹಚ್ಚಿ ಒಣಗಿಸಿ ಮತ್ತೆ ಕಂಬಿಯ ಮೇಲೆ ಕೂರಿಸಿ. ನಮ್ಮ ಬೆಂಚಿಗೆ ಇದು ಆರನೇ ವರ್ಷ, ಅಪ್ಪ ಈಗಲೂ ಸಂಜೆ ಚಾ ಲೋಟ ಹಿಡಿದು ಅದರ ಬಲತುದಿಯಲ್ಲೇ ಕೂರುತ್ತಾರೆ.